ಸಂಜೆ ಗುಂಯ್ ಅನ್ನುವ ಮೋಟರು ಬೆಳಿಗ್ಗೆ ಮಾತ್ರ ಓಡುವುದು ಯಾಕೆ?

ಪ್ರಶ್ನೆ: "ಶಿರಸಿಯಿಂದ ಸಿದ್ದಾಪುರದ ಕಡೆ ಹೋಗುವಾಗ ಒಳಗೆ ಸಿಗುವ ಒಂದು ಹಳ್ಳಿ ನಮ್ಮದು. ಮನೆ ದಿಬ್ಬದ ಮೇಲಿದೆ, ಬಾವಿ ಕೆಳಗೆ ತೋಟದ ಅಂಚಿನಲ್ಲಿದೆ. ನಡುವೆ ಸುಮಾರು 150 ಮೀಟರ್. ಬಾವಿಗೆ 1 ಎಚ್‌ಪಿ ಸಿಂಗಲ್ ಫೇಸ್ ಮೋನೋಬ್ಲಾಕ್ ಪಂಪು, ತಂದು ಆರು ವರ್ಷ ಆಯ್ತು. ಸ್ವಿಚ್ಚು ಮನೆಯ ಜಗಲಿಯಲ್ಲಿದೆ, 2.5 ಎಂಎಂ ತಾಮ್ರದ ವೈರು ಎಳೆದಿದ್ದಾರೆ. ಎರಡು ವರ್ಷದಲ್ಲಿ ಎರಡು ಸಲ ಕಾಯಿಲು ಸುಟ್ಟು ವೈಂಡಿಂಗ್ ಮಾಡಿಸಿದ್ದೇವೆ. ಈ ಸಲ ಅಡಿಕೆಯ ಕೊನೆಕೊಯ್ಲು ಶುರುವಾದ ಮೇಲೆ ಮತ್ತೆ ಅದೇ ಗೋಳು. ಸಂಜೆ ಏಳಕ್ಕೆ ಹಾಕಿದರೆ ಗುಂಯ್ ಅಂತ ಸದ್ದು, ನೀರಿಲ್ಲ. ಬೆಳಿಗ್ಗೆ ಐದಕ್ಕೆ ಹಾಕಿದರೆ ಏನೂ ಆಗದ ಹಾಗೆ ಓಡುತ್ತದೆ. ಮೆಕ್ಯಾನಿಕ್ ಮತ್ತೆ ವೈಂಡಿಂಗ್ ಅಂತಾರೆ. ನಮ್ಮ ಭಾವ ದೊಡ್ಡ ಕೆಪಾಸಿಟರ್ ಹಾಕಿದರೆ ಸರಿಹೋಗುತ್ತದೆ ಅಂತಾರೆ. ಪಕ್ಕದ ಮನೆಯವರು ಇದನ್ನು ಗುಜರಿಗೆ ಹಾಕಿ ಒಂದೂವರೆ ಎಚ್‌ಪಿ ತನ್ನಿ ಅಂತಾರೆ. ಬೋರ್ಡಿನಲ್ಲಿ 16 ಆಂಪ್ ಎಂಸಿಬಿ (ಕರೆಂಟು ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್ಚು) ಇದೆ, ಅದು ಒಂದು ದಿನವೂ ಬಿದ್ದಿಲ್ಲ. ಫ್ರಿಜ್ಜು ಕೂಡ ಸಂಜೆ ಹೊತ್ತು ಟಕ್, ಟಕ್ ಅನ್ನುತ್ತಿದೆ. ಏನು ಮಾಡೋಣ? ಹಾಂ, ಮೋಟರು ಮುಟ್ಟಿದರೆ ಒಂಚೂರು ಜುಮ್ ಅನ್ನುತ್ತದೆ, ಅದು ಮಾಮೂಲಿ ಅಲ್ವಾ?"

ಉತ್ತರ: ಅಕ್ಕಾ, ನೀವು ಕೊನೆಯಲ್ಲಿ ಬರೆದ ಸಾಲಿನಿಂದಲೇ ಶುರು ಮಾಡುತ್ತೇನೆ. ಮುಟ್ಟಿದರೆ ಜುಮ್ ಅನ್ನುವುದು ಮಾಮೂಲಿ ಅಲ್ಲ. ನೀರು ಬರದಿದ್ದರೆ ಎರಡು ದಿನ ಸೇದಿಕೊಂಡು ಬದುಕಬಹುದು. ಇದು ಹಾಗಲ್ಲ. ಚಪ್ಪಲಿ ಹಾಕಿಕೊಂಡು ಒಣ ನೆಲದ ಮೇಲೆ ನಿಂತಾಗ ಬರೀ ಜುಮ್ ಅನ್ನುವ ಮೋಟರು, ಬರಿಗಾಲಲ್ಲಿ ಒದ್ದೆ ಬಾವಿಕಟ್ಟೆಯ ಮೇಲೆ ನಿಂತವರ ಕೈಯನ್ನು ಬಿಡುವುದಿಲ್ಲ. ಶಿರಸಿಯಲ್ಲಿ ಮೋಟರು ಸುತ್ತುವ ಕೆಲಸ ಮಾಡುತ್ತಾ ನನಗೆ 27 ವರ್ಷ ಆಯ್ತು. "ಸ್ವಲ್ಪ ಜುಮ್ ಅಂತಿತ್ತು, ಅಷ್ಟೇ" ಅನ್ನುವ ಮಾತನ್ನು ಸಾವಿನ ಮನೆಯ ಅಂಗಳದಲ್ಲಿ ನಿಂತು ಕೇಳಿದ್ದೇನೆ, ಒಂದಕ್ಕಿಂತ ಹೆಚ್ಚು ಸಲ.

ಆಗಿರುವುದು ಇಷ್ಟು. ಒಳಗಿನ ಕಾಯಿಲಿನ ಕರೆಂಟು ಮೈಗೆ ಸೋರುತ್ತಿದೆ. ಎರಡು ಸಲ ಸುಟ್ಟ ಮೋಟರಿನಲ್ಲಿ, ನಮ್ಮ ಕಡೆಯ ಮಳೆಗಾಲದ ತಂಡಿಯಲ್ಲಿ, ಇದು ಆಶ್ಚರ್ಯ ಅಲ್ಲ. ಆದರೆ ಸೋರಿದ ಕರೆಂಟು ಅರ್ಥ್ ತಂತಿ ಹಿಡಿದು ನೆಲಕ್ಕೆ ಇಳಿಯಬೇಕಿತ್ತು. ನಿಮ್ಮ ಕೈಯಲ್ಲಿ ಇಳಿಯುತ್ತಿದೆ ಅಂದರೆ ಅರ್ಥ್ ಇಲ್ಲ, ಅಥವಾ ಹೆಸರಿಗೆ ಮಾತ್ರ ಇದೆ. 150 ಮೀಟರ್ ವೈರು ಎಳೆಯುವಾಗ ಖರ್ಚು ಉಳಿಸಲು ಎರಡೇ ಎಳೆ ಎಳೆದು ಮೂರನೆಯದನ್ನು ಬಿಟ್ಟುಬಿಡುವುದು ನಮ್ಮಲ್ಲಿ ತೀರಾ ಸಾಮಾನ್ಯ. ಇನ್ನು ಕೆಲವರು ಒಂದೇ ಎಳೆ ಎಳೆದು ನ್ಯೂಟ್ರಲ್ ಬದಲು ಬಾವಿ ಹತ್ತಿರ ನೆಲಕ್ಕೆ ಹುಗಿದ ಸರಳು ಬಳಸುತ್ತಾರೆ. ನಿಮ್ಮಲ್ಲಿ ಹಾಗಿದ್ದರೆ ಇವತ್ತೇ ಬಂದ್ ಮಾಡಿ. ಬಾವಿ ಹತ್ತಿರವೇ ಒಂದು ಅರ್ಥ್ ಗುಂಡಿ ತೆಗೆಸಿ, ಮೋಟರಿನ ಮೈಗೆ ಗಟ್ಟಿಯಾಗಿ ಬೋಲ್ಟ್ ಹಾಕಿಸಿ. ನಮ್ಮದು ಚಿರೇಕಲ್ಲಿನ ನೆಲ. ಬೇಸಿಗೆಯಲ್ಲಿ ಒಣಗಿ ಕರೆಂಟು ಎಳೆದುಕೊಳ್ಳುವುದನ್ನು ನಿಲ್ಲಿಸುತ್ತದೆ, ಆದ್ದರಿಂದ ಮಾರ್ಚಿನ ನಂತರ ಗುಂಡಿಗೆ ಆಗಾಗ ಎರಡು ಕೊಡ ನೀರು ಹೊಯ್ಯಬೇಕು. ಜೊತೆಗೆ ಆ ಲೈನಿಗೆ 30 ಮಿಲಿ ಆಂಪಿನ ಆರ್‌ಸಿಸಿಬಿ ಹಾಕಿಸಿ, ಕರೆಂಟು ಹೊರಗೆ ಸೋರಿದ ಕೂಡಲೇ ಕಟ್ ಮಾಡುವ ಸ್ವಿಚ್ಚು ಅದು.

"ಎಂಸಿಬಿ ಇದೆಯಲ್ಲ" ಅಂತ ನೀವು ಕೇಳಬಹುದು. ಎಂಸಿಬಿ ಕಾಯುವುದು ವೈರನ್ನು, ಮನುಷ್ಯರನ್ನಲ್ಲ. 16 ಆಂಪ್ ಅಂದರೆ 16,000 ಮಿಲಿ ಆಂಪ್. ಮನುಷ್ಯನ ಎದೆ ನಿಲ್ಲಿಸಲು 100 ಮಿಲಿ ಆಂಪ್ ಸಾಕು. ನೀವು ಮೋಟರಿಗೆ ಅಂಟಿಕೊಂಡು ನಿಂತರೂ ಆ ಎಂಸಿಬಿಗೆ ಗೊತ್ತೇ ಆಗುವುದಿಲ್ಲ. ಆರ್‌ಸಿಸಿಬಿ ಹಾಕಿದ ದಿನವೇ ಅದು ಪದೇಪದೇ ಬೀಳತೊಡಗಿದರೆ ಬೈದು ತೆಗೆಸಬೇಡಿ. ಅದು ತನ್ನ ಕೆಲಸ ಮಾಡುತ್ತಿದೆ ಅಂತ ಅರ್ಥ, ಮೋಟರು ಬಿಚ್ಚಿ ಒಣಗಿಸಬೇಕು ಅಂತ ಅರ್ಥ.

ಸರಿ, ಈಗ ಗುಂಯ್ ವಿಷಯ.

ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಕಾಯಿಲು ಸುಟ್ಟ ಮೋಟರಿಗೆ ಬೆಳಿಗ್ಗೆ ಸಂಜೆ ಅಂತ ಭೇದ ಇರುವುದಿಲ್ಲ. ಅದು ಬೆಳಿಗ್ಗೆಯೂ ಓಡದು, ಸಂಜೆಯೂ ಓಡದು, ಬಿಚ್ಚಿದರೆ ಕಮಟು ವಾಸನೆ ಬರುತ್ತದೆ. ಬೆಳಿಗ್ಗೆ ಐದಕ್ಕೆ ಸಲೀಸಾಗಿ ಓಡುವ ಮೋಟರಿಗೆ ಮತ್ತೆ ವೈಂಡಿಂಗ್ ಮಾಡಬೇಕು ಅನ್ನುವವರು ಒಂದೋ ಸರಿಯಾಗಿ ನೋಡಿಲ್ಲ, ಇಲ್ಲವೋ ಅವರಿಗೆ ಈ ತಿಂಗಳು ಕೆಲಸ ಕಮ್ಮಿ ಇದೆ. ನನ್ನ ಕಸುಬಿನವರ ಬಗ್ಗೆ ನಾನೇ ಹೀಗೆ ಬರೆಯಬಾರದು, ಆದರೂ ಇರಲಿ.

ಬೆಳಿಗ್ಗೆ ಐದಕ್ಕೂ ಸಂಜೆ ಏಳಕ್ಕೂ ಬದಲಾಗುವುದು ಒಂದೇ, ವೋಲ್ಟೇಜು. ಅದೂ ಕೊನೆಕೊಯ್ಲಿನ ಕಾಲ. ಮೊದಲಾದರೆ ರಾತ್ರಿ ಊರಿನವರೆಲ್ಲ ಸೇರಿ ಮೆಟ್ಟುಗತ್ತಿ ಹಿಡಿದು ಅಡಿಕೆ ಸುಲಿಯುತ್ತಿದ್ದರು, ಈಗ ಮನೆಮನೆಗೆ ಸುಲಿಯುವ ಯಂತ್ರ ಬಂದಿದೆ. ಸಂಜೆ ಆರರಿಂದ ಹತ್ತರವರೆಗೆ ಊರಿನ ಯಂತ್ರಗಳೆಲ್ಲ ಒಟ್ಟಿಗೆ ತಿರುಗುತ್ತವೆ, ಜೊತೆಗೆ ಗ್ರೈಂಡರು, ಗೀಸರು, ಟಿವಿ. ಊರಿಗಿರುವ ಟಿಸಿ (ಟ್ರಾನ್ಸ್‌ಫಾರ್ಮರ್) ಒಂದೇ, ತಂತಿ ಹಳೇದು. ನಿಮ್ಮ ಮನೆ ಟಿಸಿಯಿಂದ ಎಷ್ಟನೇ ಕಂಬ ಅಂತ ಬರೆದಿಲ್ಲ. ಕೊನೆಯ ಕಂಬದ ಮನೆ ಆಗಿದ್ದರೆ 230 ವೋಲ್ಟ್ ಬರಬೇಕಾದ ಕಡೆ ಸಂಜೆ 180, 190 ಬಂದರೆ ನನಗೇನೂ ಆಶ್ಚರ್ಯ ಇಲ್ಲ.

ವೋಲ್ಟೇಜು ಸ್ವಲ್ಪ ಕಮ್ಮಿಯಾದರೆ ಬಲ್ಬು ಸ್ವಲ್ಪ ಮಂಕಾಗುತ್ತದೆ, ಮೋಟರು ಸ್ವಲ್ಪ ನಿಧಾನ ಓಡುತ್ತದೆ ಅಂತ ಜನ ಅಂದುಕೊಳ್ಳುತ್ತಾರೆ. ಮೋಟರಿನ ಲೆಕ್ಕ ಹಾಗಲ್ಲ. ಅದರ ತಿರುಗಿಸುವ ಬಲ ವೋಲ್ಟೇಜಿನ ವರ್ಗದ ಹಾಗೆ ಇಳಿಯುತ್ತದೆ. ವೋಲ್ಟೇಜು ಮುಕ್ಕಾಲಿಗೆ ಇಳಿದರೆ ಬಲ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ.

ಇದರ ಮೇಲೆ ನಿಮ್ಮ 150 ಮೀಟರ್ ವೈರು. ನನ್ನ ಪ್ರಕಾರ ನಿಮ್ಮ ಮನೆಯ ನಿಜವಾದ ಕಳ್ಳ ಇದೇ. ಹೋಗಿ ಬರುವ ಎರಡೂ ಎಳೆ ಸೇರಿ 300 ಮೀಟರ್ ತಾಮ್ರ. 2.5 ಎಂಎಂ ವೈರಿನಲ್ಲಿ ಅಷ್ಟು ಉದ್ದಕ್ಕೆ ಸುಮಾರು 2.2 ಓಮ್ ತಡೆ ಇರುತ್ತದೆ. 1 ಎಚ್‌ಪಿ ಮೋಟರು ಓಡುವಾಗ ಸುಮಾರು 7 ಆಂಪ್ ಎಳೆಯುತ್ತದೆ, ಆಗ ವೈರಿನಲ್ಲೇ 15 ವೋಲ್ಟ್ ಕಳೆದುಹೋಗುತ್ತದೆ. ಅದನ್ನಾದರೂ ಸಹಿಸಬಹುದು. ಆದರೆ ಶುರುವಾಗುವ ಆ ಒಂದೆರಡು ಸೆಕೆಂಡಿನಲ್ಲಿ ಮೋಟರು ಐದಾರು ಪಟ್ಟು ಕರೆಂಟು ಕೇಳುತ್ತದೆ, ನಿಂತ ಗಾಡಿ ತಳ್ಳಲು ಜಾಸ್ತಿ ಜನ ಬೇಕಾದ ಹಾಗೆ. ಆಗ ವೈರು ತಿನ್ನುವುದೂ ಅಷ್ಟೇ ಪಟ್ಟು ಏರುತ್ತದೆ. ಒರಟು ಲೆಕ್ಕ ಹಾಕಿದರೆ, ಬೆಳಿಗ್ಗೆ ಮನೆಯಲ್ಲಿ 230 ಇದ್ದಾಗ ಶುರುವಿನ ಗಳಿಗೆಯಲ್ಲಿ ಮೋಟರಿಗೆ ಮುಟ್ಟುವುದು 170ರ ಆಸುಪಾಸು. ಸಂಜೆ ಮನೆಯಲ್ಲಿ 190 ಇದ್ದರೆ ಮೋಟರಿಗೆ ಮುಟ್ಟುವುದು 140. ಬಲದ ಲೆಕ್ಕದಲ್ಲಿ ಬೆಳಿಗ್ಗೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಸಂಜೆ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಬೆಳಿಗ್ಗೆ ಹೇಗೋ ಏದುಸಿರು ಬಿಟ್ಟು ದಿಬ್ಬ ಹತ್ತುತ್ತಿದೆ, ಸಂಜೆ ಅರ್ಧ ದಾರಿಯಲ್ಲಿ ಕೂತುಬಿಡುತ್ತಿದೆ.

ಕೂತದ್ದು ನಿಮಗೆ ಗೊತ್ತಾಗುವುದು ಹೇಗೆ? ಸ್ವಿಚ್ಚು ಜಗಲಿಯಲ್ಲಿ, ಮೋಟರು ತೋಟದಲ್ಲಿ. ಒಲೆ ಮೇಲೆ ಏನೋ ಇಟ್ಟು ಬಂದು ಸ್ವಿಚ್ ಹಾಕಿ ಒಳಗೆ ಹೋಗುತ್ತೀರಿ. ಹತ್ತು ನಿಮಿಷ ಬಿಟ್ಟು "ಟ್ಯಾಂಕಿಗೆ ನೀರು ಬಿದ್ದ ಸದ್ದೇ ಇಲ್ಲವಲ್ಲ" ಅಂತ ಯಾರಿಗೋ ನೆನಪಾಗುತ್ತದೆ. ಆ ಹತ್ತು ನಿಮಿಷವೂ ಮೋಟರು ತಿರುಗದೆ 20, 22 ಆಂಪ್ ಕುಡಿಯುತ್ತಾ ಕೂತಿರುತ್ತದೆ. ಕರೆಂಟು ಮೂರು ಪಟ್ಟಾದರೆ ಕಾಯಿಲಿನ ಬಿಸಿ ಒಂಬತ್ತು ಪಟ್ಟು. ತಿರುಗದ ಕಾರಣ ಫ್ಯಾನ್ ಕೂಡ ಗಾಳಿ ಹಾಕುವುದಿಲ್ಲ. ನಿಮ್ಮ ಎಂಸಿಬಿ ಯಾಕೆ ಬೀಳಲಿಲ್ಲ ಅಂದರೆ, 16 ಆಂಪಿನ ಎಂಸಿಬಿ 22 ಆಂಪನ್ನು ಒಂದು ಗಂಟೆವರೆಗೂ ಸುಮ್ನೆ ನೋಡಿಕೊಂಡು ಇರಬಹುದು. ಅದರ ತಯಾರಿಕೆಯೇ ಹಾಗೆ, ಅದರದ್ದೇನೂ ತಪ್ಪಿಲ್ಲ. ಹಿಂದಿನ ಎರಡು ಸಲ ಕಾಯಿಲು ಸುಟ್ಟದ್ದು ಹೀಗೇ ಇರಬೇಕು. ಎರಡು ಸಲವೂ ಕಾಯಿಲು ಹೊಸದಾಯಿತು, ಸುಟ್ಟ ಕಾರಣ ಹಾಗೇ ಉಳಿಯಿತು.

ಆದ್ದರಿಂದ ಈ ಕ್ಷಣದಿಂದ ಒಂದು ಕೆಲಸ ಮಾಡಿ, ಸಂಜೆ ಮೋಟರು ಹಾಕುವುದನ್ನು ನಿಲ್ಲಿಸಿ. ಬೆಳಿಗ್ಗೆ ಐದಕ್ಕೆ ಹಾಕಿ ಟ್ಯಾಂಕು ತುಂಬಿಸಿಕೊಳ್ಳಿ. ಪೈಸೆ ಖರ್ಚಿಲ್ಲ. ಹಾಕುವಾಗ ಒಬ್ಬರು ಟ್ಯಾಂಕಿನ ಹತ್ತಿರ ಇರಲಿ, ಮಾಮೂಲಿಯಾಗಿ ನೀರು ಬರುವಷ್ಟು ಹೊತ್ತಿನಲ್ಲಿ ಬರಲಿಲ್ಲವೋ, ತಕ್ಷಣ ಆಫ್.

ಆಮೇಲೆ ಮೂರು ಅಂಕಿ ಬೇಕು. ಒಬ್ಬ ಎಲೆಕ್ಟ್ರಿಷಿಯನ್ ಕರೆಸಿ, ಅವರ ಹತ್ತಿರ ಮೀಟರ್ ಇರುತ್ತದೆ. ಬೆಳಿಗ್ಗೆ ಮೋಟರು ಹಾಕದೆ ಮನೆಯ ಬೋರ್ಡಿನಲ್ಲಿ ಎಷ್ಟು ವೋಲ್ಟ್, ಸಂಜೆ ಏಳಕ್ಕೆ ಮೋಟರು ಹಾಕದೆ ಎಷ್ಟು, ಮತ್ತು ಸಂಜೆ ಮೋಟರು ಹಾಕಿದ ಆ ಎರಡು ಮೂರು ಸೆಕೆಂಡಿನಲ್ಲಿ ಮೋಟರಿನ ಟರ್ಮಿನಲ್ ಹತ್ತಿರ ಎಷ್ಟು. ಮೂರನೆಯದನ್ನು ನೀವು ಮಾಡಲು ಹೋಗಬೇಡಿ, ಮೈಗೆ ಕರೆಂಟು ಸೋರುವ ಮೋಟರದು. ಅವರೂ ಅರ್ಥ್ ಸರಿಮಾಡಿದ ಮೇಲೆಯೇ ಮಾಡಲಿ. ಮನೆಯಲ್ಲೇ ಸಂಜೆ 180 ಇದ್ದರೆ ತೊಂದರೆ ಲೈನಿನದು. ಮನೆಯಲ್ಲಿ 220 ಇದ್ದು ಮೋಟರಿನ ಹತ್ತಿರ 150 ಇದ್ದರೆ ನಿಮ್ಮ ವೈರಿನದು. ನಿಮ್ಮದು ಎರಡೂ ಸೇರಿದ್ದು ಅಂತ ನನ್ನ ಊಹೆ, ಆದರೆ ಊಹೆಗೆ ದುಡ್ಡು ಹಾಕಬೇಡಿ, ಅಳೆದು ಹಾಕಿ. ಅಳೆಯುವಾಗ ದಾರಿಯಲ್ಲಿ ಎಲ್ಲೆಲ್ಲಿ ವೈರಿಗೆ ಜಾಯಿಂಟ್ ಇದೆ ಅಂತ ಕೂಡ ನೋಡಿಸಿ. ಒಂದು ಅಡಿಕೆ ಮರಕ್ಕೆ ಕಟ್ಟಿ, ಟೇಪು ಸುತ್ತಿ, ಮೇಲೆ ಪ್ಲಾಸ್ಟಿಕ್ ಕೊಟ್ಟೆ ಮುಚ್ಚಿದ ಜಾಯಿಂಟ್ ಒಂದಾದರೂ ಇದ್ದೇ ಇರುತ್ತದೆ. ಅದನ್ನು ಬಿಚ್ಚಿದರೆ ಒಳಗೆ ಹಸಿರು ಕಿಲುಬು ಹಿಡಿದಿರುತ್ತದೆ. ಕರೆಂಟು ಹರಿಯಲು ಕಷ್ಟಪಡುವ ಜಾಗ ಅದು, ಮುಟ್ಟಿದರೆ ಬಿಸಿ ತಾಗುತ್ತದೆ. ಮುಟ್ಟುವುದು ಮೇನ್ ಆಫ್ ಮಾಡಿದ ಮೇಲೆ, ಹೇಳಬೇಕಾಗಿಲ್ಲ ಅಲ್ವಾ.

ಈಗ ಮೂವರ ಸಲಹೆಗೆ ಬರೋಣ.

ಭಾವ ಹೇಳಿದ ದೊಡ್ಡ ಕೆಪಾಸಿಟರ್. ಪಾಪ, ಅವರು ಪೂರ್ತಿ ತಪ್ಪು ಹೇಳಿಲ್ಲ. ಸಿಂಗಲ್ ಫೇಸ್ ಮೋಟರಿಗೆ ತಾನಾಗಿ ತಿರುಗಲು ಶುರುಮಾಡುವ ಶಕ್ತಿ ಇಲ್ಲ. ಒಂದೇ ಕಾಯಿಲಿದ್ದರೆ ಅದು ರೋಟರನ್ನು, ಅಂದರೆ ಒಳಗೆ ತಿರುಗುವ ಭಾಗವನ್ನು, ಅತ್ತ ಇತ್ತ ಸಮವಾಗಿ ಎಳೆಯುತ್ತದೆ, ಯಾವ ಕಡೆ ತಿರುಗಬೇಕು ಅಂತ ಗೊತ್ತಾಗದೆ ಗುಂಯ್ ಅನ್ನುತ್ತದೆ. ಅದಕ್ಕೇ ಇನ್ನೊಂದು ಕಾಯಿಲು ಇಟ್ಟು, ಕೆಪಾಸಿಟರ್ ಮೂಲಕ ಅದಕ್ಕೆ ಕರೆಂಟನ್ನು ಸ್ವಲ್ಪ ಹಿಂದೆಮುಂದೆ ಮಾಡಿ ಕೊಡುತ್ತಾರೆ. ಆಗ ಒಂದು ಕಡೆಗೆ ತಳ್ಳು ಸಿಗುತ್ತದೆ. ಕೆಪಾಸಿಟರ್ ಸೋತರೆ ತಳ್ಳುವವರಿಲ್ಲ. ಆರು ವರ್ಷದ ಕೆಪಾಸಿಟರ್ ಸೋತಿರುವ ಸಾಧ್ಯತೆ ಖಂಡಿತ ಇದೆ. ಪೂರ್ತಿ ಸತ್ತಿದ್ದರೆ ಬೆಳಿಗ್ಗೆಯೂ ಓಡುತ್ತಿರಲಿಲ್ಲ, ಆದರೆ ಅರ್ಧ ಸೋತದ್ದು ಬೆಳಿಗ್ಗೆ ತಳ್ಳುತ್ತದೆ, ಸಂಜೆ ಕೈಚೆಲ್ಲುತ್ತದೆ. ಮೀಟರಿನಲ್ಲಿ ಮೈಕ್ರೋಫ್ಯಾರಡ್ ಅಳೆಯುವ ಸೌಲಭ್ಯ ಇದ್ದರೆ ನೋಡಿಸಿ, ಮೇಲೆ ಬರೆದದ್ದಕ್ಕಿಂತ ಹತ್ತಕ್ಕೆ ಒಂದು ಪಾಲಿಗಿಂತ ಜಾಸ್ತಿ ಕಮ್ಮಿ ತೋರಿಸಿದರೆ ಬದಲಿಸಿ. ಹೊಟ್ಟೆ ಉಬ್ಬಿದ್ದರೆ, ಎಣ್ಣೆ ಒಸರಿದ್ದರೆ ಅಳೆಯುವುದೂ ಬೇಡ. ವೈಂಡಿಂಗಿನ ಖರ್ಚಿನ ಮುಂದೆ ಇದು ಚಿಲ್ಲರೆ ದುಡ್ಡಿನ ಸಾಮಾನು.

ಆದರೆ ಬದಲಿಸುವುದು ಬೇರೆ, ದೊಡ್ಡದು ಹಾಕುವುದು ಬೇರೆ. ಹಳೇದರ ಮೇಲೆ ಏನು ಬರೆದಿದೆಯೋ ಅದೇ ಮೈಕ್ರೋಫ್ಯಾರಡ್ ಬೇಕು, ವೋಲ್ಟ್ ಅಷ್ಟೇ ಅಥವಾ ಜಾಸ್ತಿ ಇರಬೇಕು. ದೊಡ್ಡದು ಹಾಕಿದರೆ ಎರಡನೇ ಕಾಯಿಲಿಗೆ ಜಾಸ್ತಿ ಕರೆಂಟು ಹೋಗುತ್ತದೆ. ಆ ಕಾಯಿಲಿನ ತಂತಿ ಅದನ್ನು ಸದಾ ತಡೆದುಕೊಳ್ಳುವಷ್ಟು ದಪ್ಪ ಇರುವುದಿಲ್ಲ. ಎರಡು ವಾರ ಮೋಟರು ಚುರುಕಾಗಿ ಓಡುತ್ತದೆ, ಭಾವ ಮೀಸೆ ತಿರುವುತ್ತಾರೆ, ಮೂರನೇ ವಾರ ಅದು ನನ್ನ ಅಂಗಡಿಗೆ ಬರುತ್ತದೆ. ಇನ್ನೊಂದು ಎಚ್ಚರ: ಮೇನ್ ಆಫ್ ಮಾಡಿದರೂ ಕೆಪಾಸಿಟರಿನಲ್ಲಿ ಕರೆಂಟು ಉಳಿದಿರುತ್ತದೆ. ಅದರ ಎರಡು ಕಾಲಿಗೆ ಹಳೇ ಗುಂಡು ಬಲ್ಬು ಹಾಕಿದ ಹೋಲ್ಡರಿನ ಎರಡು ವೈರನ್ನು ಒಂದು ಗಳಿಗೆ ತಾಗಿಸಿ ಖಾಲಿ ಮಾಡಿ ಆಮೇಲೆ ಕೈ ಹಾಕಬೇಕು. ಸ್ಕ್ರೂಡ್ರೈವರ್ ಇಟ್ಟು ಚಟ್ ಅನ್ನಿಸುವವರಿದ್ದಾರೆ, ಕಣ್ಣಿಗೆ ಕಿಡಿ ಹಾರಿದವರೂ ಇದ್ದಾರೆ.

ಕೆಪಾಸಿಟರ್ ಪೆಟ್ಟಿಗೆ ತೆಗೆದಾಗ ಒಳಗೆ ಇಣುಕಿ ನೋಡಿ. ನಮ್ಮ ತೋಟಗಳಲ್ಲಿ ಮೋಟರಿನ ಅರ್ಧ ಕಾಯಿಲೆ ಹುಳಹುಪ್ಪಟೆಯದ್ದು. ಇರುವೆ ಗೂಡು, ಕುಂಬಾರ ಹುಳದ ಮಣ್ಣು, ಸ್ವಿಚ್ಚಿನ ಕಾಂಟ್ಯಾಕ್ಟಿನ ನಡುವೆ ಸಿಕ್ಕಿ ಸುಟ್ಟ ಹಲ್ಲಿ. ಒಮ್ಮೆ ಯಲ್ಲಾಪುರದ ಕಡೆಯ ಒಬ್ಬರು "ಪೂರ್ತಿ ಹೋಗಿದೆ, ಹೊಸದಕ್ಕೆ ಬದಲಿಸಿಕೊಡಿ" ಅಂತ ಮೋಟರನ್ನು ಜೀಪಿನಲ್ಲಿ ತಂದಿದ್ದರು. ಹಿಂದಿನ ಮುಚ್ಚಳ ತೆಗೆದರೆ ಒಳಗಿನ ಸ್ವಿಚ್ಚಿನ ಬಾಯಲ್ಲಿ ಒಂದು ಹಿಡಿ ಸತ್ತ ಇರುವೆ. ಬ್ರಷ್ ಹಾಕಿ ಒರೆಸಿ, ಕಾಂಟ್ಯಾಕ್ಟ್ ಉಜ್ಜಿ, ಅದೇ ಜೀಪಿಗೆ ವಾಪಸ್ ಹಾಕಿದೆ. ಚಹಾದ ದುಡ್ಡು ಕೊಟ್ಟು ಹೋದರು. ಕಾರವಾರ, ಅಂಕೋಲಾ, ಕುಮಟಾದ ಕಡೆಯವರಿಗೆ ಇರುವೆಯ ಜೊತೆ ಉಪ್ಪುಗಾಳಿಯೂ ಸೇರುತ್ತದೆ, ಅಲ್ಲಿ ಸ್ಕ್ರೂ, ಟರ್ಮಿನಲ್, ಅರ್ಥ್ ಪಟ್ಟಿ ಎಲ್ಲ ನಮ್ಮಲ್ಲಿಗಿಂತ ಬೇಗ ತಿಂದುಹೋಗುತ್ತವೆ, ವರ್ಷಕ್ಕೊಮ್ಮೆ ಬಿಚ್ಚಿ ಉಜ್ಜಿ ಗ್ರೀಸು ಹಚ್ಚಲೇಬೇಕು.

ಹಾಗೇ, ಕರೆಂಟು ಪೂರ್ತಿ ಬಂದ್ ಮಾಡಿ ಹಿಂದಿನ ಫ್ಯಾನನ್ನು ಕೈಯಲ್ಲಿ ತಿರುಗಿಸಿ ನೋಡಿ. ಸಲೀಸಾಗಿ ತಿರುಗಬೇಕು. ಬಿಗಿ ಇದ್ದರೆ ಬೇರಿಂಗೋ, ತುಕ್ಕು ಹಿಡಿದ ಇಂಪೆಲ್ಲರೋ (ಪಂಪಿನೊಳಗೆ ನೀರು ತಳ್ಳುವ ಚಕ್ರ) ಹಿಡಿದಿದೆ. ಮೆಕ್ಯಾನಿಕ್‌ಗಳು ಕರೆಂಟು ಹಾಕಿಯೇ ಕೋಲಿನಲ್ಲಿ ಫ್ಯಾನ್ ತಿವಿದು ಶುರುಮಾಡುವುದನ್ನು ನೀವು ನೋಡಿರಬಹುದು. ಹಾಗೆ ತಿವಿದಾಗ ಓಡಿದರೆ ಕೆಪಾಸಿಟರಿನ ಕಡೆಯದ್ದೇ ತೊಂದರೆ ಅಂತ ಹೆಚ್ಚುಕಮ್ಮಿ ಖಾತ್ರಿ, ಅದು ನಿಜ. ಆದರೆ ನಿಮ್ಮ ಮೋಟರಿನಲ್ಲಿ ಅದನ್ನು ಮಾಡಬೇಡಿ, ಕಾರಣ ಮೊದಲೇ ಹೇಳಿದೆ.

ಪಕ್ಕದ ಮನೆಯವರ ಒಂದೂವರೆ ಎಚ್‌ಪಿ. ಇದು ಮೂರರಲ್ಲಿ ಕೆಟ್ಟ ಸಲಹೆ. ಬೆಳಿಗ್ಗೆ ನಿಮಗೆ ಬೇಕಾದಷ್ಟು ನೀರು ಬರುತ್ತಿದೆ, ಅಂದರೆ 1 ಎಚ್‌ಪಿಗೆ ನಿಮ್ಮ ದಿಬ್ಬ ಏರುವ ತಾಕತ್ತಿದೆ. ದೊಡ್ಡ ಮೋಟರು ಶುರುವಿಗೆ ಇನ್ನೂ ಜಾಸ್ತಿ ಕರೆಂಟು ಕೇಳುತ್ತದೆ, ಅದೇ ಸಪೂರ ವೈರಿನಲ್ಲಿ. ಗದ್ದೆಗೆ ನೀರು ಸಾಲದು ಅಂತ ಕಾಲುವೆ ಹಾಗೇ ಬಿಟ್ಟು ದೊಡ್ಡ ಗದ್ದೆ ಮಾಡಿದ ಹಾಗೆ.

ದುಡ್ಡು ಹಾಕಬೇಕಾದದ್ದು ವೈರಿಗೆ. 4 ಎಂಎಂ ಹಾಕಿದರೆ ಸಂಜೆಯ 140 ಸುಮಾರು 155 ಆಗುತ್ತದೆ. 6 ಎಂಎಂ ಹಾಕಿದರೆ 165 ದಾಟುತ್ತದೆ, ಅಂದರೆ ಈಗ ಬೆಳಿಗ್ಗೆ ಸಿಗುತ್ತಿರುವುದರ ಹತ್ತಿರಕ್ಕೆ ಬರುತ್ತದೆ. ನಾನಾದರೆ 6 ಹಾಕುತ್ತೇನೆ, ಮೂರನೇ ಎಳೆಯಾಗಿ ಅರ್ಥನ್ನೂ ಜೊತೆಗೇ ಎಳೆಯುತ್ತೇನೆ. ತಾಮ್ರಕ್ಕೆ ಈಗ ಬೆಲೆ ಜಾಸ್ತಿ, ಗೊತ್ತು. ಅಲ್ಯುಮಿನಿಯಂ ಕೇಬಲ್ ಅಗ್ಗ, ಆದರೆ ಅದರ ತಡೆ ತಾಮ್ರದ ಒಂದೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಹಾಗಾಗಿ 6ರ ತಾಮ್ರದ ಬದಲಿಗೆ 10ರ ಅಲ್ಯುಮಿನಿಯಂ ಬೇಕು. ಹಾಕುವುದಾದರೆ ತುದಿಗೆ ಸರಿಯಾದ ಲಗ್ (ವೈರಿನ ತುದಿಗೆ ಕೂರಿಸುವ ಲೋಹದ ತುಂಡು) ಹಾಕಿ ಒತ್ತಿಸಬೇಕು. ತಾಮ್ರಕ್ಕೂ ಅಲ್ಯುಮಿನಿಯಮ್ಮಿಗೂ ಸುಮ್ನೆ ತಿರುಚಿ ಟೇಪು ಸುತ್ತಿದರೆ ಒಂದು ಮಳೆಗಾಲದಲ್ಲಿ ಅದು ಹೋಗುತ್ತದೆ.

ಇನ್ನೊಂದು ಖರ್ಚು ಮಾಡಿಸುತ್ತೇನೆ, ಬೈಯಬೇಡಿ. ಜಗಲಿಯ ಬರೀ ಸ್ವಿಚ್ ತೆಗೆದು ಸಿಂಗಲ್ ಫೇಸ್ ಮೋಟರ್ ಪ್ಯಾನೆಲ್ ಹಾಕಿಸಿ. ವೋಲ್ಟ್ ಮತ್ತು ಆಂಪ್ ತೋರಿಸುವಂಥದ್ದು, ವೋಲ್ಟೇಜು ಕಮ್ಮಿ ಇದ್ದರೆ ಶುರುವೇ ಮಾಡದಂಥದ್ದು, ಆಂಪ್ ಜಾಸ್ತಿಯಾದರೆ ಕೆಲವೇ ಸೆಕೆಂಡಿನಲ್ಲಿ ಕಟ್ ಮಾಡುವಂಥದ್ದು, ಬಾವಿ ಬತ್ತಿ ಬರೀ ಗಾಳಿ ಎಳೆಯುವಾಗಲೂ ನಿಲ್ಲಿಸುವಂಥದ್ದು. ಬೇಸಿಗೆಯಲ್ಲಿ ನಿಮ್ಮ ಬಾವಿಗೆ ಆ ಕೊನೆಯದೂ ಬೇಕಾಗುತ್ತದೆ. ಓವರ್‌ಲೋಡನ್ನು, ಅಂದರೆ ಎಷ್ಟು ಆಂಪಿಗೆ ಕಟ್ ಆಗಬೇಕು ಅನ್ನುವುದನ್ನು, ಮೋಟರಿನ ಹೆಸರುಪಟ್ಟಿಯಲ್ಲಿ ಬರೆದ ಆಂಪಿಗೆ ಸರಿಯಾಗಿ ಇಡಿಸಿ. ಇದರಲ್ಲಿರುವ ಅಪಾಯ ಒಂದೇ, ಎರಡು ಸಲ ಟ್ರಿಪ್ ಆದ ಕೂಡಲೇ ಮನೆಯ ಗಂಡಸರು ಯಾರಾದರೂ "ಇದರ ಕಾಟ ಬೇಡ" ಅಂತ ಬೈಪಾಸ್ ಮಾಡಿಬಿಡುತ್ತಾರೆ. ನನ್ನ ಅಂಗಡಿಗೆ ಸುಟ್ಟ ಮೋಟರು ತರುವ ಎಷ್ಟೋ ಮನೆಗಳಲ್ಲಿ ಇಂಥ ಪ್ಯಾನೆಲ್ ಗೋಡೆಯ ಮೇಲೆ ಚಂದಕ್ಕೆ ನೇತಾಡುತ್ತಿರುತ್ತದೆ.

ಮೋಟರಿಗೆ ಸ್ಟೆಬಿಲೈಸರ್ ಹಾಕಬಹುದಾ ಅಂತ ತುಂಬ ಜನ ಕೇಳುತ್ತಾರೆ. ಶುರುವಿನ ಆ ಕರೆಂಟು ತಡೆಯುವ ಸ್ಟೆಬಿಲೈಸರ್ ಅಂದರೆ ಮೋಟರಿನಷ್ಟೇ ಬೆಲೆ. ಅಲ್ಲದೆ ಅದು ಎಲ್ಲಿಂದಲೋ ವೋಲ್ಟೇಜು ಹುಟ್ಟಿಸುವುದಿಲ್ಲ. ಲೈನಿನಿಂದ ಜಾಸ್ತಿ ಆಂಪ್ ಎಳೆದು ವೋಲ್ಟ್ ಏರಿಸುತ್ತದೆ. ಊರಿನ ಹತ್ತು ಮನೆಯವರೂ ಹಾಕಿದರೆ ಲೈನು ಇನ್ನೂ ಇಳಿಯುತ್ತದೆ, ಹಾಕದ ಹನ್ನೊಂದನೇ ಮನೆಯವರ ಬಲ್ಬು ಮಿಣುಕು ಹುಳ ಆಗುತ್ತದೆ.

ಫ್ರಿಜ್ಜಿಗೆ ಮಾತ್ರ ಸ್ಟೆಬಿಲೈಸರ್ ಸರಿಯೇ. ಅಲ್ಲಿ ಟಕ್ ಅನ್ನುವುದೂ ಇದೇ ಕಾಯಿಲೆ. ಕಂಪ್ರೆಸರ್ ಒಳಗೂ ಒಂದು ಸಿಂಗಲ್ ಫೇಸ್ ಮೋಟರೇ ಇರುವುದು. ವೋಲ್ಟೇಜು ಸಾಲದೆ ಅದು ತಿರುಗುವುದಿಲ್ಲ, ಬಿಸಿಯಾಗುತ್ತದೆ, ಪಕ್ಕದಲ್ಲಿರುವ ಓವರ್‌ಲೋಡ್ ಟಕ್ ಅಂತ ಕಟ್ ಮಾಡುತ್ತದೆ, ಎರಡು ಮೂರು ನಿಮಿಷ ತಣಿದು ಮತ್ತೆ ಸೇರುತ್ತದೆ, ಮತ್ತೆ ಟಕ್. ರಾತ್ರಿ ಹತ್ತರ ಮೇಲೆ ತಾನೇ ಸರಿಹೋಗುತ್ತದೆ ಅಂದರೆ ಗ್ಯಾಸು ಹೋಗಿಲ್ಲ, ಕಂಪ್ರೆಸರ್ ಹೋಗಿಲ್ಲ. ಯಾರಾದರೂ ಗ್ಯಾಸ್ ತುಂಬಬೇಕು ಅಂದರೆ ನಂಬಬೇಡಿ. ಟಕ್ ಶುರುವಾದ ಕೂಡಲೇ ಪ್ಲಗ್ ತೆಗೆಯಿರಿ, ಸಂಜೆ ಮೂರು ತಾಸು ಬಾಗಿಲು ತೆಗೆಯದೆ ಇದ್ದರೆ ಒಳಗಿನದ್ದು ಕೆಡುವುದಿಲ್ಲ. ಮೂರು ನಾಲ್ಕು ನಿಮಿಷ ತಡಮಾಡಿ ಕರೆಂಟು ಕೊಡುವ ಸ್ಟೆಬಿಲೈಸರನ್ನೇ ತನ್ನಿ. ಕರೆಂಟು ಹೋಗಿ ತಕ್ಷಣ ಬಂದಾಗ ಕಂಪ್ರೆಸರಿನ ಒಂದು ಕಡೆ ಗ್ಯಾಸಿನ ಒತ್ತಡ ಹಾಗೇ ಇರುತ್ತದೆ, ಅದನ್ನು ತಳ್ಳಿಕೊಂಡು ಶುರುವಾಗಲು ಅದಕ್ಕೆ ಆಗುವುದಿಲ್ಲ.

ಲೈನಿನ ಬಗ್ಗೆ. ಒಂದು ವಾರ ಬೆಳಿಗ್ಗೆ, ಸಂಜೆ ಎಷ್ಟು ವೋಲ್ಟ್ ಬಂತು ಅಂತ ಒಂದು ಹಾಳೆಯಲ್ಲಿ ಬರೆದಿಡಿ. "ಕರೆಂಟು ಡಿಮ್ ಇದೆ" ಅಂತ ಬಾಯಲ್ಲಿ ಹೇಳಿದರೆ ಯಾರೂ ಕೇಳುವುದಿಲ್ಲ, ಅಂಕಿ ಇದ್ದರೆ ಉತ್ತರ ಕೊಡಬೇಕಾಗುತ್ತದೆ. ಕರೆಂಟಿನ ದೂರಿನ ನಂಬರು 1912ಕ್ಕೆ ಫೋನು ಮಾಡಿ ಹೇಳಿ, ಜೊತೆಗೆ ಸೆಕ್ಷನ್ ಆಫೀಸಿಗೆ ಬರಹದಲ್ಲೂ ಕೊಡಿ, ಐದಾರು ಮನೆಯವರು ಸಹಿ ಹಾಕಿ. ಹೊಸ ಟಿಸಿ ಬರಲು ಕಾಲ ಹಿಡಿಯುತ್ತದೆ. ಆದರೆ ಲೈನ್‌ಮನ್ ಹತ್ತಿರ ಎರಡು ವಿಷಯ ಈಗಲೇ ಕೇಳಬಹುದು. ಕಂಬದಲ್ಲಿ ಜಂಪರ್ (ತಂತಿಗೆ ತಂತಿ ಸೇರಿಸುವ ತುಂಡು) ಸಡಿಲ ಇದೆಯಾ, ಮರದ ಕೊಂಬೆ ತಾಗುತ್ತಿದೆಯಾ ನೋಡಿ ಅನ್ನಿ. ನಮ್ಮ ಮನೆಯ ಫೇಸಿನ ಮೇಲೇ ಎಲ್ಲ ಸುಲಿಯುವ ಯಂತ್ರಗಳೂ ಇದ್ದರೆ ಬೇರೆ ಫೇಸಿಗೆ ಬದಲಿಸಲು ಆಗುತ್ತಾ ಅಂತಲೂ ಕೇಳಿ. ಇದು ಒಂದೊಂದು ಸಲ ಅರ್ಧ ತಾಸಿನ ಕೆಲಸ, ಸಂಜೆಗೇ ವ್ಯತ್ಯಾಸ ಕಾಣುತ್ತದೆ.

ಮಧ್ಯದಲ್ಲಿ ಒಂದು ಮಾತು. ಯಾವತ್ತಾದರೂ ಬಲ್ಬು ಮಂಕಾಗುವ ಬದಲು ಇದ್ದಕ್ಕಿದ್ದ ಹಾಗೆ ಬೆಳ್ಳಗೆ ಉರಿದು, ಪಕ್ಕದ ಮನೆಯಲ್ಲಿ ಮಂಕಾದರೆ, ಕಂಬದಲ್ಲಿ ನ್ಯೂಟ್ರಲ್ ತುಂಡಾಗಿದೆ ಅಂತ ತಿಳಿಯಿರಿ. ಆಗ 300 ವೋಲ್ಟಿನ ಮೇಲೂ ಬರಬಹುದು. ಏನೂ ಯೋಚಿಸದೆ ಮೇನ್ ಆಫ್ ಮಾಡಿ, ಆಮೇಲೆ ಫೋನು.

ಇಷ್ಟೆಲ್ಲ ಆದ ಮೇಲೆ, ಜುಮ್ ಅನ್ನುವುದಕ್ಕಾಗಿ ಮೋಟರನ್ನು ಒಮ್ಮೆ ಬಿಚ್ಚಲೇಬೇಕು. ಅಂಗಡಿಗೆ ಒಯ್ದಾಗ ಮೊದಲು ಮೆಗ್ಗರ್ (ಸೋರಿಕೆ ಅಳೆಯುವ ಮೀಟರು) ಹಾಕಿಸಿ. ಕಾಯಿಲಿಗೂ ಮೈಗೂ ನಡುವೆ ಕಮ್ಮಿ ಅಂದರೆ 1 ಮೆಗಾ ಓಮ್ ಬರಬೇಕು. ಬರದಿದ್ದರೆ ಒಂದೆರಡು ದಿನ ಬಿಸಿಲಿಗೋ, ದೊಡ್ಡ ಗುಂಡು ಬಲ್ಬಿನ ಕೆಳಗೋ ಒಣಗಿಸಿ ಮತ್ತೆ ನೋಡಬೇಕು. ಬರೀ ತಂಡಿ ಆಗಿದ್ದರೆ ಏರುತ್ತದೆ, ವಾರ್ನಿಷ್ ಹೊಡೆದು ಬೇರಿಂಗು, ಸೀಲು ಬದಲಿಸಿದರೆ ಸಾಕು. ಸೀಲು ಬಿಡಬೇಡಿ, ಪಂಪಿನ ನೀರು ಮೋಟರಿನ ಕಡೆ ಒಸರುವುದೇ ಹಳೇ ಸೀಲಿನಿಂದ. ಒಣಗಿಸಿದರೂ ಏರದಿದ್ದರೆ ಆಗ ವೈಂಡಿಂಗ್ ಮಾತಾಡಿ. ಆದರೆ ಎರಡು ಸಲ ಸುಟ್ಟದ್ದನ್ನು ಮೂರನೇ ಸಲ ಸುತ್ತಿಸುವುದು ನನಗೆ ಅಷ್ಟು ಇಷ್ಟ ಇಲ್ಲ. ಹಳೇ ಕಾಯಿಲು ತೆಗೆಯಲು ಕೆಲವರು ಬೆಂಕಿ ಹಾಕುತ್ತಾರೆ. ಆಗ ಒಳಗಿನ ಕಬ್ಬಿಣದ ತಗಡುಗಳ ನಡುವಿನ ಲೇಪ ಹೋಗಿ, ಮೋಟರು ಸುಮ್ನೆ ಓಡಿದರೂ ಬಿಸಿಯಾಗುತ್ತದೆ. ಹಿಂದೆ ಹಾಗೆ ಸುಟ್ಟು ತೆಗೆದಿದ್ದಾರಾ ಅಂತ ಕೇಳಿ. ಹೌದು ಅಂದರೆ ಹೊಸ 1 ಎಚ್‌ಪಿ ತನ್ನಿ. ಇಲ್ಲ ಅಂದರೆ ತಾಮ್ರದ ತಂತಿಯನ್ನೇ, ಅದೇ ಗೇಜಿನಲ್ಲಿ, ಅಷ್ಟೇ ಸುತ್ತು ಹಾಕುತ್ತೇವೆ ಅಂತ ಬಿಲ್ಲಿನಲ್ಲಿ ಬರೆಸಿಕೊಳ್ಳಿ, ಅಲ್ಯುಮಿನಿಯಂ ಸುತ್ತಿ ತಾಮ್ರದ ದರ ಹಾಕುವವರಿದ್ದಾರೆ.

ಹಾಂ, ಬಿಚ್ಚಿದ ಹಳೇ ತಂತಿಗೂ ಗುಜರಿಯಲ್ಲಿ ಒಳ್ಳೇ ಬೆಲೆ ಇದೆ. ಅದನ್ನು ವಾಪಸ್ ಕೇಳಿ, ಇಲ್ಲವಾದರೆ ಬಿಲ್ಲಿನಲ್ಲಿ ಕಳೆಯಲು ಹೇಳಿ. ಕೇಳದವರದ್ದನ್ನು ನಾವು ಅಂಗಡಿಯವರು ಇಟ್ಟುಕೊಳ್ಳುತ್ತೇವೆ.